ಬಾಟ್ಲಕ್ಕನ ಸಂಖ್ಯಾಶಾಸ್ತ್ರ

ನಗರದ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷ ಬಾಟಲಿ ತೊಳೆದ ಮೇಲೆ ಅವಳಿಗೆ ಬಾಟ್ಲಕ್ಕ ಎಂಬ ಹೆಸರು ಗಟ್ಟಿಯಾಗಿ ಅಂಟಿಕೊಂಡಿತ್ತು. ಬೆಳಿಗ್ಗೆ ಆರಕ್ಕೆ ಹೋದರೆ ಮಧ್ಯಾಹ್ನ ಎರಡರವರೆಗೆ ಅದೇ ಕೆಲಸ. ಬೀದಿಬೀದಿಯ ನಲ್ಲಿಗಳಿಂದ ನೀರು ತುಂಬಿ ಬಂದ ಬಾಟಲಿಗಳನ್ನು ಪರೀಕ್ಷೆಯ ನಂತರ ಖಾಲಿ ಮಾಡಬೇಕು, ಬ್ರಷ್ಷಿನಿಂದ ಉಜ್ಜಬೇಕು, ಆವಿಯ ಪೆಟ್ಟಿಗೆಯಲ್ಲಿಟ್ಟು ತೆಗೆಯಬೇಕು, ಹೊಸ ಚೀಟಿ ಅಂಟಿಸಬೇಕು. ಕೈ ಬಿಡುವಾದಾಗ ಕೆಮಿಸ್ಟ್ ಮೇಡಂ ಹೇಳುವ ಅಂಕಿಗಳನ್ನು ದಪ್ಪ ರಿಜಿಸ್ಟರಿನಲ್ಲಿ ಬರೆಯಬೇಕು. ಅವಳ ಅಂಕಿಗಳು ಸಾಲಿನಲ್ಲಿ ನಿಂತ ಶಾಲೆ ಮಕ್ಕಳ ಹಾಗೆ ಒಂದರ ಕೆಳಗೊಂದು ನೆಟ್ಟಗಿರುತ್ತಿದ್ದವು.

ಒಂದು ದಿನ ನೋಟಿಸ್ ಬೋರ್ಡಿಗೆ ಹಾಳೆಯೊಂದು ಬಂತು. ಸಹಾಯಕರಲ್ಲಿ ಒಬ್ಬರಿಗೆ ಅಂಕಿಅಂಶದ ವಿಭಾಗದಲ್ಲಿ ಮೇಜಿನ ಕೆಲಸ. ಎಂಟು ವಾರಗಳ ನಂತರ ಸಂಖ್ಯಾಶಾಸ್ತ್ರದ ಮೊದಲ ಹಂತದ ಪರೀಕ್ಷೆ. ಹೆಚ್ಚು ಅಂಕ ಬಂದವರಿಗೆ ಹುದ್ದೆ. ಕೆಲಸದ ವೇಳೆ ಹತ್ತರಿಂದ ಆರು.

"ನೀನು ಹಾಕಮ್ಮ ಅರ್ಜಿ" ಎಂದರು ಕೆಮಿಸ್ಟ್ ಮೇಡಂ.

"ನಾನಾ? ಹನ್ನೆರಡನೇ ಕ್ಲಾಸು ಮುಗಿಸಿ ಇಪ್ಪತ್ತೇಳು ವರ್ಷ ಆಯ್ತು ಮೇಡಂ. ಸಂಖ್ಯಾಶಾಸ್ತ್ರ ಅಂದ್ರೆ ಏನು ಅಂತಾನೇ ಗೊತ್ತಿಲ್ಲ."

"ಹೋದ ತಿಂಗಳು ನನ್ನ ರೀಡಿಂಗ್ ತಪ್ಪು ಅಂತ ಹಿಡಿದಿದ್ದು ಯಾರು?"

"ಅದು... ಆ ಬೀದಿ ನೀರು ಯಾವತ್ತೂ ಅಷ್ಟು ತೋರಿಸಲ್ಲ ಅಂತ ಗೊತ್ತಿತ್ತು."

"ಹೇಗೆ ಗೊತ್ತಿತ್ತು?"

"ದಿನಾ ಬರೀತೀನಲ್ಲ ಮೇಡಂ."

"ಅದೇ ಸಂಖ್ಯಾಶಾಸ್ತ್ರ. ಹಾಕು."

ಗಂಡ ಟೈಲರ್; ಮನೆಯ ಮುಂದಿನ ಕೋಣೆಯೇ ಅವನ ಹೊಲಿಗೆ ಅಂಗಡಿ. ಅದರ ಹಿಂದೆ ಅಡುಗೆಮನೆ, ಅದಕ್ಕಂಟಿಕೊಂಡು ಅತ್ತೆಯ ಮಂಚ, ಒಳಗೆ ಒಂದು ಮಲಗುವ ಕೋಣೆ. ಚಿಕ್ಕ ಮಗಳು ಡಿಗ್ರಿ ಕೊನೆಯ ವರ್ಷದಲ್ಲಿದ್ದಳು. ಅವಳಿಗೂ ಸಂಖ್ಯಾಶಾಸ್ತ್ರದ ಒಂದು ಪೇಪರಿತ್ತು, ಅದರಲ್ಲಿ ಒಮ್ಮೆ ಡುಮ್ಕಿ ಹೊಡೆದಿದ್ದಳು. ದೊಡ್ಡ ಮಗಳು ನರ್ಸು. ಎರಡು ಬೀದಿ ಆಚೆ ಗಂಡನ ಮನೆ. ಅಳಿಯ ಲಾರಿ ಓಡಿಸುವವನಾದ್ದರಿಂದ ವಾರದಲ್ಲಿ ಐದು ದಿನ ರಸ್ತೆಯ ಮೇಲೇ. ಅವಳಿಗೆ ಐದು ತಿಂಗಳ ಕೂಸು.

ಅಂದೇ ಸಂಜೆ ಚಿಕ್ಕವಳು ತಾಯಿಯ ಫೋನಿನಲ್ಲಿ ಅರ್ಜಿ ತುಂಬಿದಳು. ಫೋನಿಗೊಂದು ನಂಬರ್ ಬಂತು, ಅದನ್ನು ಹಾಕಿದಳು, ಹಸಿರು ಗುರುತು ಮೂಡಿತು.

"ಹೋಯ್ತಮ್ಮ. ಇನ್ನು ನೀನು ಓದೋದೊಂದೇ ಬಾಕಿ."

"ಎಲ್ಲಿಂದ ಓದ್ಲಿ? ಪುಸ್ತಕ ನೋಡಿದ್ರೆ ತಲೆ ಗಿರ್ರ್ ಅನ್ನುತ್ತೆ. ಹೇಳಿಕೊಡೋರು ಬೇಕು."

"ಫೋನಲ್ಲಿ ಬೇಕಾದಷ್ಟು ಪಾಠ ಪುಕ್ಕಟೆ ಸಿಗುತ್ತೆ. ಹುಡುಕೋಣ ಇರು."

ಹುಡುಕುವುದೇ ಎರಡು ಸಂಜೆಯ ಕೆಲಸವಾಯಿತು. ಮೊದಲು ಸಿಕ್ಕಿದ ಯುವಕ ಬಸ್ಸು ತಪ್ಪಿಹೋಗುವವನ ಹಾಗೆ ಮಾತಾಡುತ್ತಿದ್ದ. ಇನ್ನೊಂದರಲ್ಲಿ ಬಣ್ಣಬಣ್ಣದ ಗೆರೆಗಳು ಸಂಗೀತಕ್ಕೆ ಕುಣಿದವೇ ಹೊರತು ಪಾಠ ಶುರುವಾಗಲಿಲ್ಲ. ಮೂರನೆಯದು ಬಹಳ ಚೆನ್ನಾಗಿತ್ತು. ಬಾಟ್ಲಕ್ಕ ಚಹಾ ಆರಿದ್ದನ್ನೂ ಮರೆತು ಮೂರು ಪಾಠ ನೋಡಿದಳು. ನಾಲ್ಕನೆಯದಕ್ಕೆ ಹೋದರೆ ಬೀಗದ ಚಿತ್ರ ಬಂತು. ಮುಂದಕ್ಕೆ ಹೋಗಲು ದುಡ್ಡು ಕಟ್ಟಬೇಕಂತೆ.

"ರುಚಿ ತೋರಿಸಿ ತಟ್ಟೆ ಕಿತ್ಕೊಂಡ ಹಾಗಾಯ್ತು" ಎಂದು ಅತ್ತೆ ಮಂಚದಿಂದಲೇ ಬೈದರು.

ಕೊನೆಗೆ ಸಿಕ್ಕಿದವರು ಒಬ್ಬ ಮುದಿ ಮೇಷ್ಟ್ರು. ಯಾವುದೋ ಕಾಲೇಜಿನ ತರಗತಿಯಲ್ಲಿ ಯಾರೋ ಹಿಂದಿನ ಬೆಂಚಿನಿಂದ ಚಿತ್ರೀಕರಿಸಿದ ನಲವತ್ತು ಪಾಠಗಳು. ಕಪ್ಪು ಹಲಗೆ, ಸೀಮೆಸುಣ್ಣ, ಫ್ಯಾನಿನ ಗರಗರ, ನಡುವೆ ಯಾರದೋ ಕೆಮ್ಮು. ಮೇಷ್ಟ್ರು ನಮ್ಮದೇ ಭಾಷೆಯಲ್ಲಿ ಒಂದೊಂದೇ ಹೆಜ್ಜೆ ಇಡುತ್ತಿದ್ದರು. "ಇಲ್ಲಿ ನಿಲ್ಲಿಸಿ. ನೀವೇ ಮಾಡಿ ನೋಡಿ. ನಾನು ಎಲ್ಲೂ ಓಡಿಹೋಗಲ್ಲ" ಎನ್ನುತ್ತಿದ್ದರು.

"ಈ ಮೇಷ್ಟ್ರೇ ಇರಲಿ" ಎಂದಳು ಬಾಟ್ಲಕ್ಕ.

"ಅವರಿಗೆ ಯಾರಾದ್ರೂ ಒಂದು ಲೋಟ ನೀರು ಕೊಡಬಾರದಾ? ಗಂಟಲು ಒಣಗಿದೆ ಪಾಪ" ಎಂದರು ಅತ್ತೆ.

ಅಂದಿನಿಂದ ಬೇಳೆ ಡಬ್ಬಿಗೆ ಒರಗಿ ಮೇಷ್ಟ್ರು ಅಡುಗೆಮನೆಯಲ್ಲೇ ನಿಂತರು. ಬಾಟ್ಲಕ್ಕ ಅಕ್ಕಿ ತೊಳೆಯುತ್ತ ಸರಾಸರಿ ಕೇಳಿದಳು, ಆಲೂಗೆಡ್ಡೆ ಹೆಚ್ಚುತ್ತ ಮಧ್ಯಾಂಕ ಕೇಳಿದಳು. ನಿಲ್ಲಿಸಿ ಎಂದರೆ ಒದ್ದೆ ಕೈಯ ಮೊಣಕೈಯಿಂದ ಒತ್ತಿ ನಿಲ್ಲಿಸಿ, ಹಳೆಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಮಾಡಿದಳು. ಹನ್ನೊಂದನೇ ಪಾಠದಲ್ಲಿ ಅರ್ಧಕ್ಕೆ ದನಿಯೇ ನಿಂತುಹೋದಾಗ ಚಿಕ್ಕವಳು ಒಂದು ಗಂಟೆ ತಡಕಾಡಿ ಅದೇ ಪಾಠವನ್ನು ಬೇರೊಂದು ಕಡೆಯಿಂದ ತಂದುಕೊಟ್ಟಳು. ತಾಯಿ ಅವಳ ಕೆನ್ನೆ ಹಿಂಡಿ, "ನೀನಿಲ್ದಿದ್ರೆ ನಾನು ಇಲ್ಲೇ ಕೂತುಬಿಡ್ತಿದ್ದೆ" ಎಂದಳು.

ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಅಳೆಯುವ ಮಾನಕ ವಿಚಲನೆಯ ಸೂತ್ರದಲ್ಲಿ ಎಣಿಕೆಯಿಂದ ಒಂದನ್ನು ಯಾಕೆ ಕಳೆಯುತ್ತಾರೆಂದು ತಾಯಿ ಮಗಳಿಗೆ ಜಗಳವೇ ಆಯಿತು.

"ಸೂತ್ರ ಹಾಗಿದೆ, ಕಳೀಬೇಕು ಅಷ್ಟೇ. ನಾನೇನು ಕೇಳ್ದೆನಾ?" ಎಂದಳು ಮಗಳು.

"ಕೇಳ್ಲಿಲ್ಲ, ಅದಕ್ಕೇ ಡುಮ್ಕಿ."

"ಅಮ್ಮಾ!"

ಬಾಟ್ಲಕ್ಕ ಆ ಪಾಠವನ್ನು ಮೂರು ಸಲ ನೋಡಿ, ನಾಲ್ಕನೇ ದಿನ ಮಗಳನ್ನು ಕೂರಿಸಿಕೊಂಡು ಹತ್ತು ಬಾಟಲಿಯ ಉದಾಹರಣೆ ಕೊಟ್ಟು ವಿವರಿಸಿದಳು. ಮಗಳು ಬಾಯಿ ತೆರೆದುಕೊಂಡು ಕೂತಳು. "ನಮ್ಮ ಲೆಕ್ಚರರ್ ಹೀಗೆ ಹೇಳಿದ್ರೆ ನಾನು ಪಾಸಾಗ್ತಿದ್ದೆ ಕಣಮ್ಮ."

ಎರಡು ವಾರ ಹೀಗೆ ನಡೆಯಿತು. ಒಂದು ಸಂಜೆ ದೊಡ್ಡವಳು ಮಗು ಎತ್ತಿಕೊಂಡು ಬಂದಳು. ಊಟಕ್ಕೆ ಕೂತ ಮೇಲೆ ವಿಷಯ ತೆಗೆದಳು.

"ಅಮ್ಮ, ಇನ್ನೊಂದು ತಿಂಗಳಿಗೆ ನನ್ನ ರಜೆ ಮುಗಿಯುತ್ತೆ. ಮೂರರಿಂದ ಹತ್ತು ಡ್ಯೂಟಿ ಕೇಳಿ ಹಾಕಿಸ್ಕೊಂಡಿದೀನಿ, ನೀನು ಎರಡಕ್ಕೆ ಬಿಡ್ತೀಯ ಅಂತ. ಈಗ ನೋಡಿದ್ರೆ ಹತ್ತರಿಂದ ಆರು ಅಂತಿದೀಯ."

"ಕೆಲಸ ಸಿಕ್ಕಿದ್ರೆ ತಾನೆ?"

"ಸಿಕ್ಕಿದ್ರೆ?"

"ಸಿಕ್ಕಿದ್ರೆ ಏನಾದ್ರೂ ದಾರಿ ಮಾಡೋಣ. ಆಸ್ಪತ್ರೇಲಿ ಕೇಳು, ಮಕ್ಕಳನ್ನ ನೋಡ್ಕೊಳ್ಳೋ ಕೋಣೆ ಇರುತ್ತೆ."

"ಗೊತ್ತಿಲ್ಲದವರ ಕೈಗೆ ಕೊಡ್ಲಾ ಕೂಸನ್ನ? ನಿನಗೆ ಮೊಮ್ಮಗುಗಿಂತ ಆ ಅಂಕಿ ಹೆಚ್ಚಾ?"

"ಹಾಗಂದೆನಾ ನಾನು?"

"ತಟ್ಟೆ ಮುಂದೆ ಬೇಡ" ಎಂದ ಟೈಲರ್. ಹೊರಡುವಾಗ ದೊಡ್ಡವಳ ಕಣ್ಣು ಕೆಂಪಾಗಿತ್ತು.

ಆ ವಾರ ಕಳೆದು ಭಾನುವಾರ ಬರುವ ಹೊತ್ತಿಗೆ ಮನೆಯ ಹವೆಯೇ ಬದಲಾಗಿತ್ತು. ದೊಡ್ಡವಳು ಬೆಳಿಗ್ಗೆಯೇ ಮಗುವಿನೊಂದಿಗೆ ಬಂದು, "ಇವತ್ತು ಅಡುಗೆ ನಮ್ಮಿಬ್ಬರದು, ನೀನು ಒಳಗೆ ಕೂತು ಪಾಠ ಕೇಳು ಹೋಗು" ಎಂದು ತಾಯಿಯ ಕೈಯಿಂದ ಸೌಟು ಕಿತ್ತುಕೊಂಡಳು. ಮದುವೆಯಾದ ಮೇಲೆ ಭಾನುವಾರ ಮಧ್ಯಾಹ್ನಕ್ಕೆ ಮುಂಚೆ ಬಾಟ್ಲಕ್ಕ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಹದಿನಾರನೇ ಪಾಠದ ನಡುವೆ ಚಿಕ್ಕವಳು ಬಾಗಿಲಲ್ಲಿ ನಿಂತಳು.

"ಅಮ್ಮ, ಒಂದ್ನಿಮಿಷ ಫೋನ್ ಕೊಡು. ಪಾಪು ಅಪ್ಪನ ಅಳತೆ ಟೇಪನ್ನ ಬಾಯಿಗೆ ಹಾಕೊಂಡಿದೆ, ಫೋಟೋ ತೆಗೀತೀನಿ. ನನ್ನ ಫೋನು ಸತ್ತಿದೆ."

ಬಾಟ್ಲಕ್ಕ ಮೇಷ್ಟ್ರನ್ನು ನಿಲ್ಲಿಸಿ ನಗುತ್ತ ಫೋನು ಕೊಟ್ಟಳು. ಐದು ನಿಮಿಷಕ್ಕೆ ವಾಪಸ್ ಬಂತು.

ಅಲ್ಲಿಂದ ಮುಂದೆ ಎಲ್ಲರೂ ಅವಳನ್ನು ಹೂವಿನ ಹಾಗೆ ನೋಡಿಕೊಂಡರು. ಟೈಲರ್ ಅವಳ ಕುರ್ಚಿಗೆ ದಿಂಬು ಹೊಲಿದುಕೊಟ್ಟ, ಸಂಜೆ ತಾನೇ ಚಹಾ ಮಾಡಿದ. ಚಿಕ್ಕವಳು ಹೇಳಿಸಿಕೊಳ್ಳದೆ ಪಾತ್ರೆ ತೊಳೆದಳು. ದೊಡ್ಡವಳು ಡ್ಯೂಟಿಯ ಮಾತೇ ಎತ್ತದೆ ಹಣ್ಣು ತಂದಿಟ್ಟು ಹೋದಳು. ಬಾಟ್ಲಕ್ಕ ಲ್ಯಾಬಿನಲ್ಲಿ ಹೇಳಿಕೊಂಡು ತಿರುಗಿದಳು: "ನಮ್ಮನೆಯವರು ಇಷ್ಟು ಒಳ್ಳೆಯವರು ಅಂತ ನನಗೇ ಗೊತ್ತಿರ್ಲಿಲ್ಲ."

ಏಳನೇ ವಾರದ ಹೊತ್ತಿಗೆ ನಲವತ್ತನೇ ಪಾಠ ಮುಗಿಯಿತು. ಮೇಷ್ಟ್ರು ಕೈಯ ಸುಣ್ಣ ಒರೆಸಿಕೊಂಡು, "ಇಷ್ಟು ಬಂದರೆ ನಿಮಗೆ ಯಾರೂ ಸುಳ್ಳು ಅಂಕಿ ತೋರಿಸಿ ಮೋಸ ಮಾಡಕ್ಕಾಗಲ್ಲ" ಎಂದು ಹೇಳಿ ಹೊರಟುಹೋದರು. ಕೆಮಿಸ್ಟ್ ಮೇಡಂ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಕೊಟ್ಟು, ಬರೆಸಿ, ತಿದ್ದಿದರು. ಐವತ್ತಕ್ಕೆ ನಲವತ್ತನಾಲ್ಕು.

ಆ ಹಾಳೆಯನ್ನು ಹಿಡಿದುಕೊಂಡು ಬಾಟ್ಲಕ್ಕ ಬಸ್ಸಿನಿಂದಿಳಿದು ಓಡಿಯೇ ಬಂದಳು.

"ರೀ, ನೋಡ್ರೀ! ನಲವತ್ತನಾಲ್ಕು!"

ಟೈಲರನ ಕಾಲು ಪೆಡಲಿನ ಮೇಲೆ ನಿಂತಿತು. ಹಾಳೆಯನ್ನು ನೋಡಿದ, ಅವಳ ಮುಖ ನೋಡಲಿಲ್ಲ. "ಹಾಂ. ಚೆನ್ನಾಗಿ ಮಾಡಿದೀಯ" ಎಂದ. ಚಿಕ್ಕವಳು "ಸೂಪರ್ ಅಮ್ಮ" ಎಂದವಳೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತೆ ಮಾತ್ರ ಸೊಸೆಯ ಕೈ ಹಿಡಿದು, "ನಮ್ಮ ಮೇಷ್ಟ್ರಿಗೆ ತಿಳಿಸಕ್ಕೆ ದಾರಿ ಇಲ್ವೇನೇ?" ಎಂದು ಮತ್ತೆ ಮತ್ತೆ ಕೇಳಿದರು.

ಪರೀಕ್ಷೆಗೆ ವಾರವಿರುವಾಗ ಬೋರ್ಡಿಗೆ ಪಟ್ಟಿ ಬಂತು. ಒಂಬತ್ತು ಹೆಸರು. ಅವಳದಿರಲಿಲ್ಲ. ಬಾಟ್ಲಕ್ಕ ಬೆರಳಿಟ್ಟು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎಣಿಸಿ ನೇರ ಆಫೀಸಿಗೆ ಹೋದಳು.

"ನನ್ನ ಹೆಸರು ಬಿಟ್ಟುಹೋಗಿದೆ ಸಾರ್."

ಗುಮಾಸ್ತ ಕಂಪ್ಯೂಟರ್ ನೋಡಿದ. "ನಿಮ್ಮ ಅರ್ಜಿ ಇಲ್ಲಮ್ಮ."

"ಇಲ್ಲ ಅಂದ್ರೆ? ನನ್ನ ಮಗಳು ಕಳಿಸಿದಾಳೆ. ನನ್ನೆದುರಿಗೇ ಕಳಿಸಿದಾಳೆ."

"ಬಂದಿತ್ತು. ಆಮೇಲೆ ವಾಪಸ್ ತಗೊಂಡಿದೀರಿ."

"ನಾನ್ಯಾಕೆ ವಾಪಸ್ ತಗೊಳ್ಲಿ? ಏಳು ವಾರದಿಂದ ಓದ್ತಿದೀನಿ! ನಿಮ್ಮ ಕಂಪ್ಯೂಟರ್ ಕೆಟ್ಟಿದ್ರೆ ನನ್ನ ಮೇಲೆ ಯಾಕೆ ಹಾಕ್ತೀರಿ? ಬಾಟ್ಲಿ ತೊಳೆಯೋಳು, ಏನು ಹೇಳಿದ್ರೂ ನಡೆಯುತ್ತೆ ಅಂತಾನಾ?"

ಅವಳ ದನಿಗೆ ಕಾರಿಡಾರಿನಲ್ಲಿ ಜನ ಸೇರಿದರು. ಗುಮಾಸ್ತನ ಕಿವಿ ಕೆಂಪಾದವು. ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. "ನಿಮ್ಮ ಫೋನಿಗೆ ಬಂದ ನಂಬರ್ ಹಾಕಿ ರದ್ದು ಮಾಡಿದೀರಿ. ನೋಡಿ, ದಿನಾಂಕ. ಭಾನುವಾರ. ಹನ್ನೊಂದು ನಲವತ್ತು. ಅರ್ಜಿಗೆ ಅವತ್ತೇ ಕೊನೇ ದಿನ. ಈಗ ಯಾರೂ ಏನೂ ಮಾಡೋ ಹಾಗಿಲ್ಲಮ್ಮ."

ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ಅವಳು ಫೋನು ತೆಗೆದಳು. ಆ ದಿನದ ಸಂದೇಶಗಳಲ್ಲಿ ಅಂಥ ನಂಬರೇನೂ ಇರಲಿಲ್ಲ, ಅಳಿಸಿಹಾಕಿದ್ದರು. ಫೋಟೋಗಳನ್ನು ತೆರೆದಳು. ಅದೇ ಭಾನುವಾರದ್ದು ಒಂದೇ ಒಂದು ಫೋಟೋ. ಅಜ್ಜನ ತೊಡೆಯ ಮೇಲೆ ಕೂಸು, ಬಾಯಲ್ಲಿ ಅಳತೆ ಟೇಪು. ಪಕ್ಕದಲ್ಲಿ ದೊಡ್ಡವಳು. ಕೂಸು ಒಂದೇ ನಗುತ್ತಿತ್ತು. ಕೆಳಗೆ ಸಮಯ: ಹನ್ನೊಂದು ನಲವತ್ತೆರಡು.

ಇಳಿಯಬೇಕಾದ ನಿಲ್ದಾಣ ದಾಟಿಹೋಗಿತ್ತು. ಎರಡು ನಿಲ್ದಾಣ ಹಿಂದಕ್ಕೆ ನಡೆದು ಬಂದಳು.

ಅಂದು ಸಂಜೆ ಅವಳು ಎಂದಿನಂತೆ ಅಡುಗೆ ಮಾಡಿದಳು. ದೊಡ್ಡವಳಿಗೆ ಫೋನು ಮಾಡಿ ಊಟಕ್ಕೆ ಬಾ ಎಂದಳು. ಎಲ್ಲರಿಗೂ ಅನ್ನ, ಬೇಳೆ, ಮೊಟ್ಟೆ ಬಡಿಸಿದಳು. ತಾನು ಬಡಿಸಿಕೊಳ್ಳಲಿಲ್ಲ. ಫೋಟೋ ತೆರೆದು ಫೋನನ್ನು ಬೇಳೆ ಪಾತ್ರೆಯ ಪಕ್ಕ ಇಟ್ಟಳು.

"ಪಾಪು ಚೆನ್ನಾಗಿ ಬಂದಿದೆ" ಎಂದಳು. "ಇದಕ್ಕಿಂತ ಎರಡು ನಿಮಿಷ ಮುಂಚೆ ಏನು ಮಾಡಿದ್ರಿ, ಹೇಳಿ."

ಚಿಕ್ಕವಳ ಕೈಯ ತುತ್ತು ತಟ್ಟೆಗೆ ಬಿತ್ತು. ದೊಡ್ಡವಳೇ ಬಾಯಿ ಬಿಟ್ಟಳು. "ಅವಳನ್ನ ಏನೂ ಅನ್ಬೇಡಮ್ಮ. ನಾನೇ ಕೈ ಕಾಲು ಹಿಡಿದು ಕೇಳ್ಕೊಂಡೆ."

"ಒತ್ತಿದ್ದು ಯಾರು?"

"ನಾನು" ಎಂದಳು ಚಿಕ್ಕವಳು.

"ರೀ, ನಿಮಗೆ ಗೊತ್ತಿತ್ತಾ?"

ಟೈಲರ್ ಅನ್ನ ಕಲಸುತ್ತಲೇ ಇದ್ದ. "ಗೊತ್ತಿತ್ತು. ನೀನು ನೊಂದ್ಕೋಬಾರದು ಅಂತಾನೇ ಕಣೇ. ಹೇಗೂ ಪಾಸಾಗಲ್ಲ, ಓದೋ ಅಷ್ಟು ದಿನ ಖುಷಿಯಾಗಿ ಓದ್ಕೊಳ್ಲಿ, ಆಮೇಲೆ ಹೆಸರು ಬಂದಿಲ್ಲ ಅಂದ್ರೆ ಆಯ್ತು ಅಂದ್ಕೊಂಡ್ವಿ. ಇಷ್ಟೊಂದು ಮಾರ್ಕ್ಸ್ ತೆಗೀತೀಯ ಅಂತ ಯಾರಿಗೆ ಗೊತ್ತಿತ್ತು?"

"ಹೇಗೂ ಪಾಸಾಗಲ್ಲ" ಎಂದಳು ಬಾಟ್ಲಕ್ಕ. ಆ ಮಾತನ್ನು ಇನ್ನೊಮ್ಮೆ ಹೇಳಿದಳು, ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬಂತೆ.

"ಆ ಚಹಾ, ಆ ದಿಂಬು, ಆ ಹಣ್ಣು... ಎಲ್ಲ ಅದಕ್ಕೇನಾ?"

ಮಂಚದ ಮೇಲಿದ್ದ ಅತ್ತೆ ತಟ್ಟೆ ದೂಡಿದರು. "ನನಗೊಬ್ಬಳಿಗೆ ಹೇಳ್ಲಿಲ್ಲ ಅಲ್ವಾ? ಹೇಳಿದ್ರೆ ಬಾಯಿ ಬಿಡ್ತೀನಿ ಅಂತ. ಹೌದು ಕಣೋ, ಬಿಡ್ತಿದ್ದೆ. ಊರಿಗೆಲ್ಲ ಕೇಳೋ ಹಾಗೆ ಬಿಡ್ತಿದ್ದೆ. ಎರಡು ಬಾಗಿಲು ಆಚೆ ಅವಳು ಸೊಂಟ ಬಗ್ಗಿಸಿ ಬರೀತಿದ್ರೆ ಹೊಟ್ಟೆ ಉರೀಲಿಲ್ವಾ ನಿನಗೆ?"

"ಅಮ್ಮ, ನೀನು ಸುಮ್ನಿರು."

"ಸುಮ್ನಿದ್ದೇ ಸುಮ್ನಿದ್ದೇ ಈ ಮನೆ ಹೀಗಾಗಿದೆ."

ದೊಡ್ಡವಳು ಅಳುತ್ತ, "ನಾನು ಏನು ಮಾಡ್ಲಿ ಹೇಳು, ಕೂಸನ್ನ ಎಲ್ಲಿ ಬಿಡ್ಲಿ?" ಎಂದಳು.

"ನನ್ನ ಕೇಳ್ಬೇಕಿತ್ತು. ಬೇಡಮ್ಮ, ಅರ್ಜಿ ವಾಪಸ್ ತಗೋ ಅಂತ ಮುಖ ನೋಡಿ ಕೇಳಿದ್ರೆ ಜಗಳ ಆಡ್ತಿದ್ದೆ, ಬೈತಿದ್ದೆ, ಕೊನೆಗೆ ತಗೊಂಡೇ ಬಿಡ್ತಿದ್ದೆನೋ ಏನೋ. ಆ ಒಂದು ಅವಕಾಶಾನೂ ಕೊಡ್ಲಿಲ್ಲ ನೀವು." ಬಾಟ್ಲಕ್ಕನ ದನಿ ಏರಲಿಲ್ಲ. "ಸೋಮವಾರದಿಂದ ನಿನ್ನ ಡ್ಯೂಟಿ ಶುರು ಅಲ್ವಾ? ಮಗೂನ ನನ್ನ ಹತ್ರ ಬಿಡಬೇಡ."

ಮರುದಿನ ಅವಳು ಮೊದಲು ಹೋದದ್ದು ಗುಮಾಸ್ತನ ಮೇಜಿಗೆ. ಅಲ್ಲಿ ಇನ್ನೂ ನಾಲ್ಕು ಜನ ಇದ್ದರು. ಅವರೆದುರಿಗೇ ಬೈದಿದ್ದರಿಂದ ಅವರೆದುರಿಗೇ ಹೇಳಿದಳು. "ನಿನ್ನೆ ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ ಸಾರ್. ನಿಮ್ಮದು ತಪ್ಪಿರ್ಲಿಲ್ಲ. ರದ್ದು ಮಾಡಿದ್ದು ನಮ್ಮ ಮನೆಯವರೇ."

ಗುಮಾಸ್ತ ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವಳು ಆ ಕಟ್ಟಡದಲ್ಲಿ ತಲೆ ತಗ್ಗಿಸಿ ನಡೆದದ್ದು ಅಂದೊಂದೇ ದಿನ.

ಪರೀಕ್ಷೆ ನಡೆಯಿತು. ಕೆಮಿಸ್ಟ್ ಮೇಡಂ ಆಮೇಲೆ ಪ್ರಶ್ನೆಪತ್ರಿಕೆಯನ್ನು ತಂದು ಅವಳ ಕೈಗೆ ಕೊಟ್ಟರು. ತೊಳೆಯುವ ಕೋಣೆಯ ಕಲ್ಲಿನ ಮೇಲೆ ಕಾಗದ ಹರಡಿ, ನಿಂತುಕೊಂಡೇ ಎಲ್ಲ ಪ್ರಶ್ನೆಗೂ ಉತ್ತರ ಬರೆದಳು. ಮೇಡಂ ತಿದ್ದಿ ನಲವತ್ತೊಂದು ಕೊಟ್ಟರು. ಹುದ್ದೆ ಸಿಕ್ಕಿದವನಿಗೆ ಮೂವತ್ತೆರಡು ಬಂದಿತ್ತು. ಅವನು ಸಂಭಾವಿತ, ಬಾಟ್ಲಕ್ಕನ ಹತ್ತಿರವೇ ಬಂದು, "ಅಕ್ಕ, ಈ ಒಂದನ್ನ ಯಾಕೆ ಕಳೀತಾರೆ?" ಎಂದು ಕೇಳಿದ. ಅವಳು ಹೇಳಿಕೊಟ್ಟಳು.

ದೊಡ್ಡವಳು ಸೋಮವಾರ ಬೇರೆ ದಾರಿ ಕಾಣದೆ ಆಸ್ಪತ್ರೆಯಲ್ಲೇ ವಿಚಾರಿಸಿದಳು. ಎರಡನೇ ಮಹಡಿಯಲ್ಲಿ ನೌಕರರ ಮಕ್ಕಳಿಗೆಂದೇ ಕೋಣೆಯಿತ್ತು. ಜಾಗವೂ ಇತ್ತು. ವರ್ಷದಿಂದಲೂ ಇತ್ತು. ಬುಧವಾರದಿಂದ ಕೂಸು ಅಲ್ಲಿಗೆ ಹೋಗತೊಡಗಿತು. ಅದನ್ನು ಹೇಳಲು ಬಂದ ದಿನ ದೊಡ್ಡವಳು ಹೊಸ್ತಿಲಲ್ಲೇ ನಿಂತಳು.

"ಅಮ್ಮ, ಇದು ಮೊದಲೇ ಕೇಳಿದ್ರೆ..."

"ಹೂಂ" ಎಂದಳು ಬಾಟ್ಲಕ್ಕ. ಮಗುವನ್ನು ಎತ್ತಿಕೊಂಡು ಎದೆಗೊತ್ತಿಕೊಂಡಳು. ಎರಡಕ್ಕೆ ಕೆಲಸ ಬಿಟ್ಟು ಮನೆಗೆ ಬಂದರೆ ಕೈ ಬಿಕೋ ಎನ್ನುತ್ತಿತ್ತು. ಆ ಮಾತನ್ನು ಮಗಳಿಗೆ ಹೇಳಲಿಲ್ಲ.

ಟೈಲರ್ ಹಲವು ದಿನ ಚಹಾ ಮಾಡಿ ತಂದಿಟ್ಟ. ಅವಳು "ಬೇಡ, ನಾನು ಕುಡಿದೆ" ಎಂದಳು. ಒಂದು ದಿನ ಅವನು ರೇಗಿದ. "ಎಷ್ಟು ದಿನ ಅಂತ ಹೀಗೆ? ತಪ್ಪಾಯ್ತು ಅಂದೆನಲ್ಲ."

"ತಪ್ಪಾಯ್ತು ಅಂದ್ರಿ. ಪಾಸಾಗಲ್ಲ ಅಂದಿದ್ದಿರಲ್ಲ, ಅದನ್ನ ವಾಪಸ್ ತಗೊಂಡ್ರಾ?"

ಅವನು ಕತ್ತರಿ ಹಿಡಿದು ಬಟ್ಟೆಯ ಗೆರೆಯತ್ತ ತಿರುಗಿದ. ಆಮೇಲೆ ಚಹಾ ತರುವುದನ್ನು ನಿಲ್ಲಿಸಿದ.

ಎರಡು ತಿಂಗಳ ನಂತರ ಚಿಕ್ಕವಳ ಡುಮ್ಕಿ ಪೇಪರು ಮತ್ತೆ ಬಂತು. ಆ ಹುಡುಗಿ ಒಂದು ವಾರ ಒಬ್ಬಳೇ ಒದ್ದಾಡಿ, ಒಂದು ಮಧ್ಯಾಹ್ನ ನೋಟ್‌ಬುಕ್ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಳು. ಬಾಟ್ಲಕ್ಕ ಸೊಪ್ಪು ಸೋಸುತ್ತಿದ್ದಳು. ಜರುಗಿ ಜಾಗ ಕೊಟ್ಟಳು.

"ಎಲ್ಲಿ ಸಿಕ್ಕಿಹಾಕ್ಕೊಂಡಿದೀಯ, ತೋರಿಸು."

ತೋರಿಸಿದಳು. ತಾಯಿ ಹೇಳಿಕೊಟ್ಟಳು, ಬೇಸರಿಸದೆ, ತಪ್ಪಿದಲ್ಲಿ ತಿದ್ದುತ್ತ, ಬಂದಾಗ ಶಹಬ್ಬಾಸ್ ಎನ್ನುತ್ತ. ಮೂರು ಲೆಕ್ಕ ಸರಿಯಾಗಿ ಬಂದವು. ಹುಡುಗಿಯ ಮುಖ ಅರಳಿತು. ಇನ್ನು ಎಲ್ಲ ಸರಿಹೋಯಿತೆಂದುಕೊಂಡು ಅವಳು ತಾಯಿಯ ಭುಜಕ್ಕೆ ಒರಗಿದಳು.

"ಅಮ್ಮ, ಮುಂದಿನ ವರ್ಷ ಮತ್ತೆ ಕರೀತಾರಂತಲ್ಲ. ಅರ್ಜಿ ನಾನೇ ತುಂಬಿಕೊಡ್ತೀನಿ."

"ಬೇಡ. ಆಫೀಸಲ್ಲೇ ಕೂತು ನಾನೇ ತುಂಬ್ತೀನಿ. ಗುಮಾಸ್ತರು ತೋರಿಸಿಕೊಡ್ತೀನಿ ಅಂದಿದಾರೆ."

"ನನ್ನ ಇನ್ನೂ ನಂಬಲ್ವಾ?"

ಬಾಟ್ಲಕ್ಕ ಸೊಪ್ಪಿನಿಂದ ಹಳದಿ ಎಲೆಯೊಂದನ್ನು ತೆಗೆದು ಪಕ್ಕಕ್ಕಿಟ್ಟಳು. "ಜ್ವರ ಬಂತು ಅಂದ್ರೆ ಕೆಲಸ ಬಿಟ್ಟು ಓಡಿಬರ್ತೀನಿ. ಹಸಿವು ಅಂದ್ರೆ ನನ್ನ ತಟ್ಟೇದು ಕೊಡ್ತೀನಿ. ಇದನ್ನೂ ಎಷ್ಟು ಸಲ ಕೇಳಿದ್ರೂ ಹೇಳಿಕೊಡ್ತೀನಿ. ಆದ್ರೆ ನನ್ನ ಹೆಸರಿರೋ ಕಾಗದ ನಿನ್ನ ಕೈಗೆ ಕೊಡಲ್ಲ ಮಗಳೇ."

ಹುಡುಗಿಯ ಕಣ್ಣೀರು ನೋಟ್‌ಬುಕ್ಕಿನ ಮೇಲೆ ಬಿದ್ದು ಶಾಯಿ ಹರಡಿತು. ತಾಯಿ ಸೆರಗಿನ ತುದಿಯಿಂದ ಹಾಳೆಯನ್ನು ಒತ್ತಿ ಒಣಗಿಸಿದಳು. ಮಗಳ ಕಣ್ಣೊರೆಸಲಿಲ್ಲ.

"ಬರ್ಕೋ" ಎಂದಳು. "ನಾಲ್ಕನೇದು."